ಮನೇಲೇ ಕಪ್ಪು-ಬಿಳುಪು ಫೋಟೋ ಪ್ರಿಂಟ್: ಬೂದು ಇಂಕಿನ ಪ್ರಿಂಟರ್ ಜೊತೆ ಒಂದೂವರೆ ವರ್ಷ

ಅಮ್ಮ ಕಿಟಕಿ ಪಕ್ಕ ಕೂತು ಪೇಪರ್ ಓದ್ತಾ ಇರೋ ಒಂದು ಫೋಟೋ ಇದೆ ನನ್ನ ಹತ್ರ. ಬೆಳಕು ಎಡಗಡೆಯಿಂದ ಬರ್ತಾ ಇದೆ, ಪರದೆ ಅಚ್ಚಬಿಳಿ, ಅಮ್ಮನ ಕೂದಲು ಕಗ್ಗಪ್ಪು, ಹಿಂದಿನ ಗೋಡೆ ಪೂರ್ತಿ ನೆರಳಲ್ಲಿ. ಯಾವ ಪ್ರಿಂಟರ್ ಕೈಗೆ ಸಿಕ್ಕಿದ್ರೂ ನಾನು ಮೊದಲು ಹಾಕೋದು ಇದನ್ನೇ. ಕಪ್ಪು-ಬಿಳುಪು ಪ್ರಿಂಟು ಎಲ್ಲಿ ಕೈ ಕೊಡತ್ತೋ ಆ ಎರಡೂ ಜಾಗ ಇದೊಂದೇ ಫೋಟೋದಲ್ಲಿದೆ. ಪರದೆಯ ಮಡಿಕೆ ಕಾಣಬೇಕು, ಬೈತಲೆ ಪಕ್ಕದ ಕೂದಲಿನ ಎಳೆನೂ ಕಾಣಬೇಕು, ಎರಡರಲ್ಲಿ ಒಂದು ಹೋದ್ರೂ ಫೋಟೋ ಸತ್ತ ಹಾಗೆ.

ಒಂದೂವರೆ ವರ್ಷದಿಂದ ನಾನು ಬಳಸ್ತಿರೋದು ಪಿಗ್ಮೆಂಟ್ ಇಂಕಿನ (ಕರಗದ ಬಣ್ಣದ ಪುಡಿ ಇರೋ ಇಂಕು) ಎ3 ಪ್ಲಸ್ ಫೋಟೋ ಪ್ರಿಂಟರ್, ಅಂದ್ರೆ ಎ3ಗಿಂತ ಚೂರು ದೊಡ್ಡ ಹಾಳೆ ಹಿಡಿಯೋದು, ಕಪ್ಪಿನ ಜೊತೆಗೆ ಎರಡು ಬೂದು ಇಂಕ್ ಬೇರೆ ಇದೆ ಇದರಲ್ಲಿ. ಕಂಪನಿ ಹೆಸರು ಹಾಕ್ತಿಲ್ಲ, ನಾನು ಹೇಳೋ ಒಳ್ಳೇದು ಕೆಟ್ಟದ್ದು ಎರಡೂ ಈ ವರ್ಗದ ಪ್ರಿಂಟರ್‌ಗಳಿಗೆಲ್ಲ ಹೆಚ್ಚು ಕಮ್ಮಿ ಅನ್ವಯ ಆಗತ್ತೆ. ಒಂದೇ ಮಾತಲ್ಲಿ ಕೇಳಿದ್ರೆ, ಬೂದು ಇಂಕ್ ಇಲ್ಲದ ಪ್ರಿಂಟರಲ್ಲಿ ಕಪ್ಪು-ಬಿಳುಪಿಗೆ ಒದ್ದಾಡಬೇಡಿ ಅಂತೀನಿ. ಬೂದು ಇಂಕ್ ಇರೋ ಪ್ರಿಂಟರ್ ತಗೊಂಡ್ರೆ ಅದಕ್ಕೆ ವಾರ ವಾರ ಕೆಲಸ ಕೊಡೋ ಮನಸ್ಸೂ ಇರಬೇಕು. ಉಳಿದಿದ್ದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಉದ್ದ ಆಗತ್ತೆ, ಆದ್ರೆ ನಾನು ತಗೊಳ್ಳೋ ಮುಂಚೆ ಇದನ್ನ ಯಾರಾದ್ರೂ ಹೇಳಿದ್ರೆ ನನಗೆ ಎಷ್ಟೋ ಹಾಳೆ ಉಳೀತಿತ್ತು.

ಮೊದಲು ಹಳೇ ಪ್ರಿಂಟರ್ ವಿಷ್ಯ, ಯಾಕಂದ್ರೆ ತುಂಬ ಜನ ಅಲ್ಲೇ ಸಿಕ್ಕಾಕ್ಕೊಂಡಿರ್ತಾರೆ. ಅದು ನಾಲ್ಕು ಬಣ್ಣದ ಮಾಮೂಲಿ ಪ್ರಿಂಟರ್, ಕಾಗದ ಪತ್ರಕ್ಕೆ, ಬಣ್ಣದ ಫೋಟೋಗೆ ಏನೂ ದೂರು ಇರ್ಲಿಲ್ಲ. ಅಮ್ಮನ ಫೋಟೋ ಗ್ಲಾಸಿ ಪೇಪರ್ ಮೇಲೆ ಹಾಕಿ ರಾತ್ರಿ ಬಲ್ಬ್ ಕೆಳಗೆ ನೋಡಿದಾಗ ಪರವಾಗಿಲ್ಲ ಅನ್ನಿಸ್ತು, ಖುಷಿಲೇ ಮಲಗಿದೆ. ಬೆಳಿಗ್ಗೆ ಕಿಟಕಿ ಹತ್ರ ಹಿಡಿದು ನೋಡ್ತೀನಿ, ಕೆನ್ನೆ ಮೇಲೆ, ಕತ್ತಿನ ನೆರಳಲ್ಲಿ ತೆಳ್ಳಗೆ ಹಸಿರು, ಪಾಚಿ ಹತ್ತಿದ ಹಾಗೆ. ಅದೇ ಹಾಳೆ ಟ್ಯೂಬ್‌ಲೈಟ್ ಕೆಳಗೆ ತಂದ್ರೆ ನೇರಳೆ ಕಡೆ ವಾಲ್ತಿತ್ತು. ಹಾಳೆ ಒಂದೇ, ಬೆಳಕು ಬದಲಾದ ಹಾಗೆ ಬೂದಿನ ಬಣ್ಣ ಬದಲಾಗ್ತಿತ್ತು.

ಇದಕ್ಕೆ ಕಾರಣ ಇದೆ. ಇಂಥ ಎಷ್ಟೋ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕು ಇರೋದು ಅಕ್ಷರಕ್ಕೆ ಅಂತ. ಸೆಟ್ಟಿಂಗಲ್ಲಿ ಫೋಟೋ ಪೇಪರ್ ಅಂತ ಆರಿಸಿದ ತಕ್ಷಣ ಪ್ರಿಂಟರ್ ಆ ಕಪ್ಪನ್ನ ಪಕ್ಕಕ್ಕಿಟ್ಟು ಸಯಾನ್, ಮಜೆಂತಾ, ಹಳದಿ ಮೂರನ್ನೂ ಕಲಸಿ ಬೂದು ಮಾಡಕ್ಕೆ ಹೊರಡತ್ತೆ. ಮೂರೂ ಸರಿಸಮ ಬಿದ್ರೆ ಬೂದು, ಒಂದು ಚೂರು ಆಚೆ ಈಚೆ ಆದ್ರೆ ಹಸಿರೋ ನೇರಳೆನೋ. ಅದೂ ಅಲ್ಲದೆ ಬಣ್ಣ ಬಣ್ಣದ ಇಂಕಿಂದ ಆದ ಬೂದು ಒಂದೊಂದು ಬೆಳಕಲ್ಲಿ ಒಂದೊಂದು ತರ ಕಾಣತ್ತೆ, ಇದಕ್ಕೆ ಮೆಟಾಮೆರಿಸಂ ಅಂತಾರೆ. ಬಣ್ಣದ ಫೋಟೋದಲ್ಲೂ ಈ ದೋಷ ಇರತ್ತೆ, ಆದ್ರೆ ಅಲ್ಲಿ ಕೆಂಪು ಅಂಗಿ, ನೀಲಿ ಆಕಾಶದ ಗಲಾಟೇಲಿ ನಮ್ಮ ಕಣ್ಣಿಗೆ ಬೀಳಲ್ಲ. ಬರೀ ಬೂದು ಇದ್ದಾಗ ಎಳ್ಳಷ್ಟು ಬಣ್ಣ ಸೇರಿದ್ರೂ ಕಣ್ಣಿಗೆ ಹೊಡೆಯತ್ತೆ. ಬಣ್ಣ ಇಲ್ಲ ಅಂದ್ಮೇಲೆ ಕಪ್ಪು-ಬಿಳುಪು ಸುಲಭ ಅಂತ ಅಂದ್ಕೊಳ್ಳೋರು ತುಂಬ ಜನ, ನಾನೂ ಅಂದ್ಕೊಂಡಿದ್ದೆ, ನಿಜದಲ್ಲಿ ಪ್ರಿಂಟರ್‌ಗೆ ಇದೇ ಕಷ್ಟದ ಕೆಲಸ.

ಆಗ ಗ್ರೇಸ್ಕೇಲ್ ಅನ್ನೋ ಟಿಕ್ ಹಾಕಿ ನೋಡಿದೆ, ಹೊಳಪಿಲ್ಲದ ಮ್ಯಾಟ್ ಪೇಪರ್ ಮೇಲೆ. ಬಣ್ಣದ ಛಾಯೆ ಪೂರ್ತಿ ಹೋಯ್ತು, ಸರಿ. ಆದ್ರೆ ಒಂದೇ ಕಪ್ಪು ಇಂಕಲ್ಲಿ ತಿಳಿ ಬೂದು ಮಾಡಬೇಕು ಅಂದ್ರೆ ಪ್ರಿಂಟರ್‌ಗೆ ಇರೋ ದಾರಿ ಒಂದೇ, ಚುಕ್ಕಿಗಳನ್ನ ದೂರ ದೂರ ಇಡೋದು. ಪರದೆ ಮೇಲೆ ಮರಳು ಉದುರಿಸಿದ ಹಾಗೆ ಕಪ್ಪು ಚುಕ್ಕಿ ಚುಕ್ಕಿ. ಎರಡಡಿ ದೂರದಿಂದಲೂ ಕಾಣ್ತಿತ್ತು. ಅಲ್ಲಿಗೆ ಹಳೇ ಪ್ರಿಂಟರ್ ಜೊತೆ ಒದ್ದಾಟ ಬಿಟ್ಟೆ.

ಬೂದು ಇಂಕಿನ ಲೆಕ್ಕ ಇಲ್ಲೇ ಅರ್ಥ ಆಗೋದು. ಕಪ್ಪನ್ನೇ ತೆಳು ಮಾಡಿ ಒಂದು ಬೂದು, ಇನ್ನೂ ತೆಳು ಮಾಡಿ ಇನ್ನೊಂದು ಬೂದು ಕೊಟ್ರೆ ಪರದೆಯಂಥ ಜಾಗದಲ್ಲಿ ದೂರ ದೂರದ ಕಪ್ಪು ಚುಕ್ಕಿ ಬದಲು ಒತ್ತೊತ್ತಾಗಿ ತೆಳು ಬೂದು ಚುಕ್ಕಿ ಬೀಳತ್ತೆ, ಕಣ್ಣಿಗೆ ಚುಕ್ಕಿನೇ ಕಾಣಲ್ಲ, ನೀರಲ್ಲಿ ಬಣ್ಣ ಕರಗಿದ ಹಾಗೆ ಮೆತ್ತಗೆ ಬರತ್ತೆ. ಬಣ್ಣದ ಇಂಕು ಬೇಕಾಗೋದೂ ಹೆಸರಿಗಷ್ಟೇ, ಬೂದಿನ ಛಾಯೆ ತಿದ್ದೋಕೆ. ಹಾಗಾಗಿ ಹಸಿರು ನೇರಳೆ ಆಟ ಹೆಚ್ಚು ಕಮ್ಮಿ ನಿಂತೇ ಹೋಗತ್ತೆ.

ಇದೇನು ನಿನ್ನೆ ಮೊನ್ನೆ ಬಂದ ಐಡಿಯಾ ಅಲ್ಲ. 2002ರಲ್ಲೇ ಎಪ್ಸನ್‌ನವರ ಸ್ಟೈಲಸ್ ಫೋಟೋ 2200ರಲ್ಲಿ ಕಪ್ಪಿನ ಜೊತೆ ಒಂದು ತೆಳುಗಪ್ಪು ಬಂದಿತ್ತು. 2003ರಲ್ಲಿ ಎಚ್‌ಪಿಯವರು ಫೋಟೋಸ್ಮಾರ್ಟ್ 7960ಗೆ ಬರೀ ಬೂದಿಗೆ ಅಂತಲೇ ಒಂದು ಕಾರ್ಟ್ರಿಜ್ ಕೊಟ್ರು. 2005ರ ಎಪ್ಸನ್ ಆರ್2400ರಲ್ಲಿ ಕಪ್ಪು, ತೆಳುಗಪ್ಪು, ಇನ್ನೂ ತೆಳುಗಪ್ಪು ಅಂತ ಮೂರು ಹಂತ, ಕೆ3 ಅಂತ ಹೆಸರು, ಜೊತೆಗೆ ಕಪ್ಪು-ಬಿಳುಪಿಗೆ ಅಂತಲೇ ಡ್ರೈವರಲ್ಲಿ (ಕಂಪ್ಯೂಟರಿಂದ ಪ್ರಿಂಟರ್ ನಡೆಸೋ ಸಾಫ್ಟ್‌ವೇರಲ್ಲಿ) ಒಂದು ಮೋಡ್. ಮನೇಲಿ ಒಳ್ಳೇ ಕಪ್ಪು-ಬಿಳುಪು ಪ್ರಿಂಟ್ ಅನ್ನೋದು ಸಾಮಾನ್ಯ ಜನಕ್ಕೆ ಕೈಗೆಟುಕಿದ್ದು ಅಲ್ಲಿಂದ ಅಂತ ನನ್ನ ಅಭಿಪ್ರಾಯ. ಇತ್ತೀಚಿನ ವರ್ಷಗಳದ್ದು ನೋಡಿದ್ರೆ 2020ರಲ್ಲಿ ಬಂದ ಎಪ್ಸನ್ ಪಿ700, ಪಿ900 ಎರಡರಲ್ಲೂ 10 ಇಂಕು, ಅದರಲ್ಲಿ ಬೂದು ಎರಡು. ಅದೇ ವರ್ಷದ ಕ್ಯಾನನ್ ಪ್ರೊ-300ರಲ್ಲಿ ಬೂದು ಒಂದು, ದೊಡ್ಡದಾದ ಪ್ರೊ-1000ದಲ್ಲಿ ಎರಡು. ತಗೊಳ್ಳೋ ಮುಂಚೆ ಒಟ್ಟು ಎಷ್ಟು ಇಂಕು ಅಂತ ನೋಡೋಕಿಂತ ಅದರಲ್ಲಿ ಬೂದು ಎಷ್ಟು ಅಂತ ನೋಡಿ. ಕೆಂಪು, ನೇರಳೆ ಎಲ್ಲ ಸೇರಿಸಿ ಇಂಕಿನ ಸಂಖ್ಯೆ ಜಾಸ್ತಿ ಮಾಡಿರ್ತಾರೆ, ನಮಗೆ ಅದರಿಂದ ಏನೂ ಉಪಯೋಗ ಇಲ್ಲ.

ಇನ್ನು ನನ್ನ ಪ್ರಿಂಟರ್. ಮೊದಲನೇ ದಿನ ಅಮ್ಮನ ಫೋಟೋ ಹಾಕ್ದೆ, ಎ4, ಮ್ಯಾಟ್ ಪೇಪರ್. ಹಾಳೆ ಇಂಚು ಇಂಚಾಗಿ ಹೊರಗೆ ಬರೋವಾಗ ಮೊದಲು ಪರದೆ ಕಾಣಿಸ್ತು, ಮಡಿಕೆ ಎಲ್ಲ ಇದೆ, ಆಮೇಲೆ ಕಿಟಕಿ ಚೌಕಟ್ಟು, ಆಮೇಲೆ ಅಮ್ಮನ ನೆತ್ತಿ. ಕಾಲೇಜಲ್ಲಿದ್ದಾಗ ಡಾರ್ಕ್‌ರೂಮಲ್ಲಿ ಕೆಂಪು ದೀಪದ ಕೆಳಗೆ ಟ್ರೇಲಿ ಚಿತ್ರ ನಿಧಾನಕ್ಕೆ ಮೂಡೋದನ್ನ ನೋಡಿದೋರಿಗೆ ಆ ಕ್ಷಣ ಗೊತ್ತಿರತ್ತೆ, ಉಸಿರು ಹಿಡ್ಕೊಂಡು ನಿಂತಿರ್ತೀವಿ. ಇಲ್ಲೂ ಹಾಗೇ ಆಯ್ತು ನನಗೆ. ಹಾಳೆ ಎತ್ಕೊಂಡು ಕಿಟಕಿ ಹತ್ರ ಹೋದೆ, ಟ್ಯೂಬ್‌ಲೈಟ್ ಕೆಳಗೆ ಹೋದೆ, ಹೊರಗೆ ಬಿಸಿಲಿಗೂ ಹೋದೆ, ಬೂದು ಬೂದಾಗೇ ಇತ್ತು. ಅಮ್ಮನ ಕಿವಿ ಹಿಂದೆ ಒಂದು ಪುಟ್ಟ ನೆರಳಿದೆ, ಅದರೊಳಗೆ ಕಿವಿಯ ಅಂಚು ನಸುಬೆಳ್ಳಗೆ ಕಾಣ್ತಿತ್ತು, ಸ್ಕ್ರೀನ್ ಮೇಲೆ ಅದನ್ನ ನಾನು ಗಮನಿಸೇ ಇರ್ಲಿಲ್ಲ.

ಆದ್ರೆ ಕೂದಲು ಮಾತ್ರ ಒಂದು ಕಪ್ಪು ಮುದ್ದೆ. ಇದು ಪ್ರಿಂಟರ್ ತಪ್ಪಲ್ಲ ಅಂತ ಗೊತ್ತಾಗೋಕೆ ಎರಡು ವಾರ ಹಿಡೀತು.

ಒಂದನೇ ಕಾರಣ ನನ್ನ ಮಾನಿಟರ್. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ಕೂತಿದ್ದೆ. ಸ್ಕ್ರೀನಲ್ಲಿ ಬೆಳಕು ಒಳಗಿಂದ ಬರತ್ತೆ, ಕಾಗದ ಕೋಣೆಯ ಬೆಳಕನ್ನ ವಾಪಸ್ ಕೊಡೋದಷ್ಟೇ, ಹಾಗಾಗಿ ಉರಿಯೋ ಸ್ಕ್ರೀನ್ ಮುಂದೆ ಕೂತು ಸರಿ ಮಾಡಿದ ಫೋಟೋ ಕಾಗದದ ಮೇಲೆ ಕತ್ತಲೇ ಆಗೋದು. ಪ್ರಿಂಟ್ ಮಾಡೋರು ಸಾಮಾನ್ಯವಾಗಿ ಇಟ್ಕೊಳ್ಳೋದು 80ರಿಂದ 120 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ) ಒಳಗೆ. ಅಳೆಯೋ ಮೀಟರ್ ಇಲ್ದಿದ್ರೆ ಒಂದು ಖಾಲಿ ಪ್ರಿಂಟ್ ಪೇಪರನ್ನ ಸ್ಕ್ರೀನ್ ಪಕ್ಕ ಹಿಡಿದು, ಸ್ಕ್ರೀನಲ್ಲಿ ಬಿಳಿ ಪುಟ ತೆಗೆದು, ಎರಡೂ ಸುಮಾರಾಗಿ ಒಂದೇ ಬೆಳಕಲ್ಲಿ ಕಾಣೋವರೆಗೂ ಬ್ರೈಟ್‌ನೆಸ್ ಇಳಿಸಿ. ಮೊದಲು ಸ್ಕ್ರೀನ್ ಮಂಕಾಯ್ತು ಅನ್ಸತ್ತೆ, ಹತ್ತು ನಿಮಿಷಕ್ಕೆ ಕಣ್ಣು ಒಗ್ಗತ್ತೆ. "ನನ್ನ ಪ್ರಿಂಟ್ ಕಪ್ಪಗೆ ಬರ್ತಿದೆ" ಅಂತ ಬೇಜಾರು ಮಾಡ್ಕೊಳ್ಳೋರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇದೊಂದೇ ಸಾಕು ಅಂತ ನನ್ನ ನಂಬಿಕೆ.

ಎರಡನೇ ಕಾರಣ ಪೇಪರ್, ಇದರ ಬಗ್ಗೆ ನಾನು ಎಷ್ಟು ಬೇಕಾದ್ರೂ ಮಾತಾಡ್ತೀನಿ. ಮ್ಯಾಟ್ ಪೇಪರ್ ಮೇಲಿನ ಕಪ್ಪು ಗ್ಲಾಸಿ ಪೇಪರ್ ಮೇಲಿನ ಕಪ್ಪಿನಷ್ಟು ಗಾಢ ಆಗಲ್ಲ. ಡೆನ್ಸಿಟಿ, ಅಂದ್ರೆ ಕಪ್ಪು ಎಷ್ಟು ಗಾಢ ಅನ್ನೋ ಅಳತೆಯ ಲೆಕ್ಕದಲ್ಲಿ ಒಳ್ಳೇ ಮ್ಯಾಟ್ ಪೇಪರ್ 1.6, 1.7ರ ಆಸುಪಾಸು ನಿಲ್ಲತ್ತೆ, ಬ್ಯಾರೈಟಾ ತರದ ಹೊಳಪಿನ ಪೇಪರ್ 2.2 ದಾಟತ್ತೆ. ಸಂಖ್ಯೆ ನೋಡಿದ್ರೆ ಚೂರೇ ವ್ಯತ್ಯಾಸ ಅನ್ಸತ್ತೆ, ಹಾಗಲ್ಲ. 1.6 ಅಂದ್ರೆ ಬಿದ್ದ ಬೆಳಕಲ್ಲಿ ಶೇಕಡಾ 2.5ರಷ್ಟು ವಾಪಸ್ ಬರತ್ತೆ, 2.2 ಅಂದ್ರೆ ಶೇಕಡಾ 0.6 ಮಾತ್ರ. ನಾಲ್ಕು ಪಟ್ಟು ಕಪ್ಪು. ಮ್ಯಾಟ್ ಪೇಪರ್‌ಗೆ ಇರೋ ಜಾಗನೇ ಕಮ್ಮಿ, ಫೈಲಲ್ಲಿರೋ ಎಲ್ಲ ನೆರಳೂ ಆ ಕಮ್ಮಿ ಜಾಗದಲ್ಲಿ ತುರುಕಬೇಕು, ಹಾಗಾಗಿ ಅತೀ ಕಪ್ಪಿನ ಹತ್ತಿರ ಇರೋ ಛಾಯೆಗಳು ಒಂದಕ್ಕೊಂದು ಅಂಟ್ಕೊಂಡು ಮುದ್ದೆ ಆಗ್ತವೆ. ಕೂದಲಿಗೆ ಆಗಿದ್ದು ಅದೇ.

ಇದನ್ನ ಕಣ್ಣಾರೆ ನೋಡಬೇಕು ಅಂದ್ರೆ ಒಂದು ಪಟ್ಟಿ ಪ್ರಿಂಟ್ ಮಾಡಿ. ಸೊನ್ನೆಯಿಂದ ನೂರರವರೆಗೆ ಐದೈದು ಶೇಕಡಾ ಏರೋ ಹಾಗೆ 21 ಚೌಕ, ಅಚ್ಚಬಿಳಿಯಿಂದ ಅಚ್ಚಗಪ್ಪಿಗೆ. ಪೂರ್ತಿ ಒಣಗಿದ ಮೇಲೆ ಒಳ್ಳೇ ಬೆಳಕಲ್ಲಿ ನೋಡ್ತಾ ಹೋಗಿ, ಯಾವ ಚೌಕಕ್ಕೂ ಪಕ್ಕದ ಚೌಕಕ್ಕೂ ನಡುವಿನ ಗೆರೆ ಕಾಣದೇ ಹೋಗತ್ತೆ ಅಂತ. ನನ್ನ ಮ್ಯಾಟ್ ಪೇಪರಲ್ಲಿ 95ಕ್ಕೂ 100ಕ್ಕೂ ಗೆರೆನೇ ಇಲ್ಲ, 90ಕ್ಕೂ 95ಕ್ಕೂ ಕಷ್ಟಪಟ್ರೆ ಕಾಣತ್ತೆ. ಅಂದ್ರೆ ಅಮ್ಮನ ಕೂದಲಿನ ಎಳೆ ನನ್ನ ಫೈಲಲ್ಲಿ 93, 97 ಅಂತ ಕೂತಿದ್ರೆ ಕಾಗದದ ಮೇಲೆ ಬರೋ ಮಾತೇ ಇಲ್ಲ. ಫೋಟೋ ಸಾಫ್ಟ್‌ವೇರಲ್ಲಿ ಬೆಳಕು-ನೆರಳು ತಿದ್ದೋ ಕರ್ವ್ಸಲ್ಲಿ ನೆರಳಿನ ತುದಿ ಮಾತ್ರ ಚೂರು ಎತ್ತಿದೆ, ಅಚ್ಚಗಪ್ಪನ್ನ ಮುಟ್ಟಲಿಲ್ಲ. ಮತ್ತೆ ಹಾಕ್ದೆ. ಬೈತಲೆಯ ಎರಡೂ ಕಡೆ ಕೂದಲು ಹೇಗೆ ಬಾಚಿದಾರೆ ಅಂತ ಕಾಣೋಕೆ ಶುರುವಾಯ್ತು, ಕಿಟಕಿ ಕಡೆಯ ನಾಲ್ಕೈದು ಎಳೆ ಬೆಳಕಿಗೆ ಹೊಳೀತಿದ್ವು. ಆ ಹಾಳೆ ಇವತ್ತಿಗೂ ಇಟ್ಟಿದೀನಿ.

ಆ ಪಟ್ಟಿಯನ್ನ ಪ್ರತಿ ಪೇಪರ್‌ಗೂ ಒಂದು ಸಲ ಹಾಕಿ, ಹಿಂದೆ ಪೇಪರ್ ಹೆಸರು, ಸೆಟ್ಟಿಂಗ್ ಬರೆದಿಟ್ಕೊಳ್ಳಿ. ಹತ್ತು ವಿಡಿಯೋ ನೋಡೋಕಿಂತ ಇದು ಜಾಸ್ತಿ ಕಲಿಸತ್ತೆ.

ಪೇಪರ್ ಯಾವುದು ಚೆಂದ ಅನ್ನೋದು ಫೋಟೋ ಮೇಲಿದೆ. ಹಾನೆಮ್ಯೂಲೆಯವರ ಫೋಟೋ ರ‍್ಯಾಗ್, 308 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅನ್ನೋ ಲೆಕ್ಕ), ಪೂರ್ತಿ ಹತ್ತಿಯ ಮ್ಯಾಟ್ ಪೇಪರ್, ಕೈಯಲ್ಲಿ ಹಿಡಿದ್ರೆ ಬಟ್ಟೆ ಮುಟ್ಟಿದ ಹಾಗಿರತ್ತೆ. 1584ರಿಂದ ಕಾಗದ ಮಾಡ್ತಿರೋ ಮನೆ ಅದು. ಮುಖ, ಮಂಜು, ಹಳೇ ಗೋಡೆ, ಮೆತ್ತನೆ ಬೆಳಕಿನ ಫೋಟೋ ಏನೇ ಇದ್ರೂ ನಾನು ಇದಕ್ಕೇ ಹಾಕೋದು, ಕಪ್ಪು ಕಮ್ಮಿ ಅನ್ನೋದು ಅಲ್ಲಿ ಕೊರತೆ ಅನ್ನಿಸೋದೇ ಇಲ್ಲ. ಮಳೆಯಲ್ಲಿ ನೆಂದ ರಸ್ತೆ, ಕಲ್ಲು, ಲೋಹ, ರಾತ್ರಿ ಇಂಥದ್ದಕ್ಕೆಲ್ಲ ಬ್ಯಾರೈಟಾ. ಡಾರ್ಕ್‌ರೂಮ್ ಕಾಲದ ಫೈಬರ್ ಪೇಪರಲ್ಲಿದ್ದ ಬೇರಿಯಂ ಸಲ್ಫೇಟ್ ಪದರವೇ ಇದರಲ್ಲೂ ಇರೋದು, ಹೊಳಪೂ ಅದೇ ತರ, ಕನ್ನಡಿ ಹಾಗೆ ಹೊಳೆಯಲ್ಲ, ಒಳಗಿಂದ ಹೊಳೆದ ಹಾಗೆ. ಸಾಮಾನ್ಯ ಪ್ಲಾಸ್ಟಿಕ್ ಹೊಳಪಿನ ಗ್ಲಾಸಿ ಪೇಪರ್ ನನಗೆ ಕಪ್ಪು-ಬಿಳುಪಿಗೆ ಯಾವತ್ತೂ ಹಿಡಿಸಿಲ್ಲ, ದೀಪ ಎಲ್ಲಿದ್ರೂ ಅದರ ಪ್ರತಿಬಿಂಬನೇ ಮೊದಲು ಕಾಣೋದು.

ಹೊಳಪಿನ ಪೇಪರಲ್ಲಿ ಒಂದು ತೊಂದರೆ ಮಾತ್ರ ಹೇಳಲೇಬೇಕು. ಪಿಗ್ಮೆಂಟ್ ಇಂಕು ಕಾಗದದ ಒಳಗೆ ಇಳಿಯೋದು ಕಮ್ಮಿ, ಮೇಲೇ ಕೂರತ್ತೆ. ಪ್ರಿಂಟನ್ನ ಓರೆ ಮಾಡಿ ನೋಡಿದ್ರೆ ಇಂಕ್ ಬಿದ್ದ ಜಾಗ ಒಂದು ತರ ಹೊಳೀತದೆ, ಇಂಕೇ ಬೀಳದ ಅಚ್ಚಬಿಳಿ ಜಾಗ ಇನ್ನೊಂದು ತರ. ಕೆಲವು ಕೋನದಲ್ಲಿ ನೆರಳಿನ ಮೇಲೆ ಹಿತ್ತಾಳೆ ಬಣ್ಣದ ಮಿಂಚೂ ಕಾಣತ್ತೆ. ಕ್ಯಾನನ್‌ನವರು ಇದಕ್ಕೆ ಕ್ರೋಮಾ ಆಪ್ಟಿಮೈಸರ್ ಅಂತ ಬಣ್ಣ ಇಲ್ಲದ ಒಂದು ದ್ರವನೇ ಕೊಡ್ತಾರೆ, ಮೇಲೆ ಒಂದು ಪದರ ಬಿದ್ದು ಎಲ್ಲ ಒಂದೇ ಹೊಳಪಾಗತ್ತೆ. ನನ್ನದರಲ್ಲಿ ಅದಿಲ್ಲ, ನಾನು ಮಾಡೋದು ಏನಂದ್ರೆ ಫೋಟೋದ ಅಚ್ಚಬಿಳಿಯನ್ನ ಶೇಕಡಾ ಎರಡರಷ್ಟು ಇಳಿಸಿಬಿಡ್ತೀನಿ, ಆಗ ಎಲ್ಲ ಕಡೆ ಚೂರಾದ್ರೂ ಬೂದು ಬೀಳತ್ತೆ. ಗಾಜಿನ ಚೌಕಟ್ಟಿಗೆ ಹೋಗೋ ಪ್ರಿಂಟಾದ್ರೆ ಇದರ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಗಾಜಿನ ಹಿಂದೆ ಗೊತ್ತಾಗಲ್ಲ.

ಸೆಟ್ಟಿಂಗ್ ಬಗ್ಗೆ ಎರಡು ಮಾತು. ಎರಡು ದಾರಿ ಇದೆ, ಪೇಪರ್ ಕಂಪನಿ ಕೊಡೋ ಐಸಿಸಿ ಪ್ರೊಫೈಲ್ (ಆ ಪೇಪರ್ ಮೇಲೆ ಬಣ್ಣ ಹೇಗೆ ಬರತ್ತೆ ಅಂತ ಹೇಳೋ ಪುಟ್ಟ ಫೈಲ್) ಹಾಕಿ ಬಣ್ಣದ ಫೋಟೋ ತರಾನೇ ಪ್ರಿಂಟ್ ಮಾಡೋದು, ಇಲ್ಲಾ ಡ್ರೈವರಲ್ಲಿರೋ ಕಪ್ಪು-ಬಿಳುಪು ಮೋಡ್ ಬಳಸೋದು. ಮೊದಲನೇದ್ರಲ್ಲಿ ಸ್ಕ್ರೀನ್ ಮೇಲೇ ಪ್ರಿಂಟ್ ಹೇಗೆ ಬರತ್ತೆ ಅಂತ ಸಾಫ್ಟ್ ಪ್ರೂಫ್ ನೋಡಬಹುದು, ಆದ್ರೆ ಪ್ರಿಂಟರ್ ಬಣ್ಣದ ಇಂಕನ್ನ ಜಾಸ್ತಿ ಬೆರೆಸತ್ತೆ. ಎರಡನೇದ್ರಲ್ಲಿ ಬೂದು ಇಂಕೇ ಮುಖ್ಯ, ಛಾಯೆ ಸ್ಥಿರ, ನಾನು ಹತ್ತಕ್ಕೆ ಒಂಬತ್ತು ಸಲ ಇದನ್ನೇ ಬಳಸ್ತೀನಿ. ಒಂದು ಎಚ್ಚರ, ಈ ಮೋಡ್ ಬಳಸೋವಾಗ ಫೋಟೋ ಸಾಫ್ಟ್‌ವೇರಲ್ಲಿ ಬಣ್ಣದ ಜವಾಬ್ದಾರಿ ಪ್ರಿಂಟರ್‌ಗೆ ಬಿಡಿ. ಅಲ್ಲೊಂದು ಪ್ರೊಫೈಲ್ ಇಲ್ಲೊಂದು ಮೋಡ್ ಎರಡೂ ಸೇರಿದ್ರೆ ಫೋಟೋ ಎರಡು ಸಲ ತಿದ್ದಿದ ಹಾಗಾಗಿ ಕೆಡತ್ತೆ. ಛಾಯೆ ನ್ಯೂಟ್ರಲ್, ಕೂಲ್, ವಾರ್ಮ್, ಸೆಪಿಯಾ ಅಂತ ಇರತ್ತೆ, ನಾನು ನ್ಯೂಟ್ರಲ್ ಇಟ್ಟು ಎಳ್ಳಷ್ಟು ಬಿಸಿ ಕಡೆ ಜರುಗಿಸ್ತೀನಿ, ಮುಖಗಳಿಗೆ ಜೀವ ಬರತ್ತೆ. ಸೆಪಿಯಾ ಆರಿಸೋದು ಬೇಡ, ಒಳ್ಳೇ ಫೋಟೋಗೆ ಅದರ ಹಂಗು ಬೇಕಾಗಿಲ್ಲ. ಪೇಪರ್ ಮೀಡಿಯಾ ಟೈಪ್ ಸರಿ ಆರಿಸಿ, ಅದರ ಮೇಲೇ ಮ್ಯಾಟ್ ಕಪ್ಪೋ (ಹೊಳಪಿಲ್ಲದ ಪೇಪರಿನ ಕಪ್ಪಿಂಕು) ಫೋಟೋ ಕಪ್ಪೋ (ಹೊಳಪಿನ ಪೇಪರಿಂದು) ಅಂತ ಪ್ರಿಂಟರ್ ನಿರ್ಧಾರ ಮಾಡೋದು. ಹೊಳಪಿನ ಪೇಪರ್‌ಗೆ ಮ್ಯಾಟ್ ಕಪ್ಪು ಬಿದ್ರೆ ಬೆರಳು ತಾಗಿದ ಕಡೆ ಮಸಿ ಕಿತ್ತು ಬರತ್ತೆ.

ಈಗ ದೂರುಗಳು. ನಂಬರ್ ಒಂದು, ನಾಝಲ್ ಕಟ್ಟೋದು, ಅಂದ್ರೆ ಇಂಕು ಚಿಮ್ಮೋ ಸಣ್ಣ ತೂತುಗಳು ಮುಚ್ಚಿಹೋಗೋದು. ಕಳೆದ ವರ್ಷ ಊರಲ್ಲಿರ್ಲಿಲ್ಲ, ಐದು ವಾರ ಪ್ರಿಂಟರ್ ಮುಟ್ಟಿರ್ಲಿಲ್ಲ. ವಾಪಸ್ ಬಂದು ನೇರ ಒಂದು ಎ3 ಹಾಕ್ದೆ, ಗೋಡೆ ನೆರಳಲ್ಲಿ ಅಡ್ಡಡ್ಡ ಸಣ್ಣ ಸಣ್ಣ ಗೆರೆ, ಬಾಚಣಿಗೆ ಎಳೆದ ಹಾಗೆ. ದುಬಾರಿ ಹಾಳೆ ಹಾಳು. ನಾಝಲ್ ಚೆಕ್ ಮಾಡಿದ್ರೆ ತೆಳು ಬೂದಿನ ಸಾಲಲ್ಲಿ ಅರ್ಧಕ್ಕರ್ಧ ಮಾಯ. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಕೊಟ್ಟೆ, ಐದು ಸಲ, ಆ ಇಂಕೆಲ್ಲ ಒಳಗಿನ ಮೇಂಟೆನೆನ್ಸ್ ಬಾಕ್ಸಿಗೆ ಹೋಯ್ತು, ನಾಝಲ್ ಮಾತ್ರ ಬಿಡ್ಲಿಲ್ಲ. ಸುಸ್ತಾಗಿ ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಒಂದೇ ಒಂದು ಸಲ ಕೊಟ್ಟೆ, ಪೂರ್ತಿ ಸಾಲು ಬಂತು. ಒಣಗಿದ ಇಂಕು ನೆನೆಯೋಕೆ ಹೊತ್ತು ಬೇಕು ಅಷ್ಟೇ. ಅವತ್ತಿಂದ ವಾರಕ್ಕೊಂದು ಪುಟ್ಟ ಪ್ರಿಂಟ್ ಹಾಕೇ ಹಾಕ್ತೀನಿ, ದುಬಾರಿ ಹಾಳೆ ಇಡೋ ಮುಂಚೆ ಸಾದಾ ಕಾಗದದ ಮೇಲೆ ನಾಝಲ್ ಚೆಕ್ ಮಾಡದೇ ಇರಲ್ಲ. ಕೋಣೆ ತುಂಬ ಒಣಗಿದ್ರೆ ಬೇಗ ಕಟ್ಟತ್ತೆ, ಸ್ವಲ್ಪ ತೇವ ಇದ್ರೆ ಒಳ್ಳೇದು. ಪ್ಲಗ್ ಕಿತ್ತು ಆಫ್ ಮಾಡಬೇಡಿ, ಪ್ರಿಂಟರ್ ಬಟನ್ನಲ್ಲೇ ಮಾಡಿ, ಆಗ ಹೆಡ್ಡು ತನ್ನ ಜಾಗಕ್ಕೆ ಹೋಗಿ ಮುಚ್ಕೊಂಡು ಕೂರತ್ತೆ.

ಎರಡನೇದು ಹತ್ತಿ ಪೇಪರಿನ ಧೂಳು. ಅಮ್ಮನ ಫೋಟೋದ ದೊಡ್ಡ ಪ್ರಿಂಟು, ಚೌಕಟ್ಟಿಗೆ ಅಂತ ಮಾಡಿದ್ದು, ಎಲ್ಲ ಸರಿಯಾಗಿ ಬಂದಿತ್ತು. ಮಾರನೇ ದಿನ ಎತ್ತಿ ಅಲ್ಲಾಡಿಸಿದಾಗ ಕೂದಲಿನ ನಟ್ಟನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕಿ. ಪೇಪರ್ ಮೇಲೆ ಒಂದು ನಾರು ಕೂತಿತ್ತು, ಇಂಕು ಅದರ ಮೇಲೆ ಬಿದ್ದಿತ್ತು, ನಾರು ಉದುರಿದಾಗ ಕೆಳಗಿನ ಬಿಳಿ ಹಾಗೇ ಉಳೀತು. ಬೇಜಾರಾಗಿ ಅವತ್ತು ಪ್ರಿಂಟರ್ ಕಡೆ ತಿರುಗಿ ನೋಡ್ಲಿಲ್ಲ. ಈಗ ಪ್ರತಿ ಹಾಳೆಯನ್ನೂ ಹಾಕೋ ಮುಂಚೆ ಮೆತ್ತನೆ ಅಗಲ ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಗುಡಿಸಿ, ಹಾಳೆ ತಲೆಕೆಳಗು ಹಿಡಿದು ಹಿಂದಿನಿಂದ ಎರಡು ತಟ್ಟು ತಟ್ತೀನಿ. ಇನ್ನೊಂದು, ಮ್ಯಾಟ್ ಪೇಪರಲ್ಲಿ ಯಾವ ಮೈ ಪ್ರಿಂಟಿಂದು ಅಂತ ಗೊತ್ತಾಗದೇ ಇದ್ರೆ ಬೆರಳು ಒದ್ದೆ ಮಾಡಿ ಮೂಲೆಗೆ ಮುಟ್ಟಿಸಿ, ಅಂಟಂಟು ಅನ್ನಿಸಿದ ಕಡೆನೇ ಲೇಪ ಇರೋದು.

ಇಂಕಿನ ಖರ್ಚು ಜಾಸ್ತಿ, ಸುಳ್ಳು ಹೇಳಲ್ಲ. ಕಾರ್ಟ್ರಿಜ್ ಪುಟ್ಟದು, ಕಪ್ಪು-ಬಿಳುಪೇ ಮಾಡೋರಿಗೆ ತೆಳು ಬೂದು ಎಲ್ಲಕ್ಕಿಂತ ಮೊದಲು ಖಾಲಿ ಆಗತ್ತೆ, ಅದೊಂದು ಯಾವಾಗ್ಲೂ ಎಕ್ಸ್ಟ್ರಾ ಇಟ್ಕೊಂಡಿರಿ. ಅದು ಖಾಲಿ ಆದ್ರೆ ಬಾಕಿ ಎಲ್ಲ ತುಂಬಿದ್ರೂ ಪ್ರಿಂಟರ್ ಒಂದು ಗೆರೆನೂ ಹಾಕಲ್ಲ, ನನಗೆ ಇದು ದೊಡ್ಡ ಅಸಮಾಧಾನ. ದೊಡ್ಡ ದೊಡ್ಡ ಹಾಳೆ ತಿಂಗಳಿಗೆ ಒಂದೋ ಎರಡೋ ಮಾಡೋರಾದ್ರೆ ಒಳ್ಳೇ ಲ್ಯಾಬಿಗೆ ಕೊಡೋದೇ ವಾಸಿ, ಲೆಕ್ಕ ಹಾಕಿ ನೋಡಿದ್ರೆ ಮನೇದು ಅಗ್ಗ ಆಗಲ್ಲ. ಮನೇಲಿ ಮಾಡೋದ್ರ ಲಾಭ ಬೇರೆ. ಮೊದಲನೇ ಪ್ರಿಂಟ್ ನೋಡಿ ತಿದ್ದಿ ಅರ್ಧ ಗಂಟೆಗೆ ಎರಡನೇದು, ಅದನ್ನ ನೋಡಿ ಮೂರನೇದು. ಲ್ಯಾಬಲ್ಲಿ ಆ ಸುಖ ಇಲ್ಲ.

ಗ್ರೇ ಇಂಕು ಇನ್ನೂ ಆಳಕ್ಕೆ ತಗೊಂಡು ಹೋದೋರೂ ಇದಾರೆ. ಜಾನ್ ಕೋನ್ ಅವರ ಪಿಯೆಝೋಗ್ರಫಿ ಅನ್ನೋ ಪ್ರಿಂಟ್ ಪದ್ಧತಿಯಲ್ಲಿ ಪ್ರಿಂಟರಿನ ಬಣ್ಣದ ಇಂಕುಗಳನ್ನೇ ತೆಗೆದು ಆ ಜಾಗಗಳಿಗೆಲ್ಲ ಕಪ್ಪು ಬೂದಿನ ಬೇರೆ ಬೇರೆ ಹಂತ ತುಂಬ್ತಾರೆ, ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಅನ್ನೋ ಸಾಫ್ಟ್‌ವೇರ್ ಒಂದೊಂದು ಇಂಕು ಎಷ್ಟು ಬೀಳಬೇಕು ಅಂತ ಕರ್ವ್ ಬರೆದು ನಿಯಂತ್ರಿಸೋಕೆ ಬಿಡತ್ತೆ. ಬಣ್ಣದ ಫೋಟೋ ಬೇಡವೇ ಬೇಡ ಅನ್ನೋ ಛಲ ಇದ್ರೆ, ಹಳೇ ಪ್ರಿಂಟರ್ ಒಂದು ಮೀಸಲಿಡೋಕೆ ಸಿದ್ಧ ಇದ್ರೆ ಆ ದಾರಿ. ಶುರು ಮಾಡೋರಿಗೆ ಬೇಡ. ಮಾಮೂಲಿ ಎರಡು ಬೂದಿನ ಪ್ರಿಂಟರಲ್ಲೇ ಎರಡು ವರ್ಷ ಕಲಿಯೋವಷ್ಟು ಇದೆ.

ಪ್ರಿಂಟ್ ಬಂದ ತಕ್ಷಣ ಗಾಜಿನ ಚೌಕಟ್ಟಿಗೆ ಹಾಕಬೇಡಿ. ಮುಟ್ಟೋಕೆ ಒಣಗಿದ ಹಾಗೆ ಇದ್ರೂ ಇಂಕಲ್ಲಿರೋ ದ್ರಾವಕ ಒಂದೆರಡು ದಿನ ಆವಿ ಆಗ್ತಾನೇ ಇರತ್ತೆ, ಬೇಗ ಮುಚ್ಚಿದ್ರೆ ಗಾಜಿನ ಒಳಗೆ ಮಬ್ಬು ಕಟ್ಟತ್ತೆ. ನಾನು ಒಂದು ದಿನ ಹಾಗೇ ಬಿಟ್ಟು, ಆಮೇಲೆ ಮೇಲೆ ಸಾದಾ ಬಿಳಿ ಕಾಗದ ಹೊದಿಸಿ ಇನ್ನೊಂದು ದಿನ ಇಡ್ತೀನಿ. ಕಪ್ಪು ಎಷ್ಟು ಗಾಢ ಬಂದಿದೆ ಅನ್ನೋ ತೀರ್ಮಾನನೂ ಅವತ್ತೇ, ಒದ್ದೆ ಇದ್ದಾಗ ಕಂಡಿದ್ದು ಒಣಗಿದ ಮೇಲೆ ಚೂರು ಬೇರೆನೇ.

ಐದಕ್ಕೆ ಎಷ್ಟು ಅಂತ ಕೇಳಿದ್ರೆ ಪ್ರಿಂಟಿನ ಗುಣಕ್ಕೆ ಐದಕ್ಕೆ ಐದು, ಇಂಕಿನ ಖರ್ಚು ಮತ್ತೆ ನಾಝಲ್ ಕಾಟಕ್ಕೆ ಒಂದು ಕಳೆದು ನಾಲ್ಕು ಕೊಡ್ತೀನಿ. ಅಮ್ಮನಿಗೆ ದೊಡ್ಡ ಪ್ರಿಂಟ್ ಕೊಟ್ಟಾಗ ಅವರು ಕನ್ನಡಕ ಹಾಕ್ಕೊಂಡು ಕಿಟಕಿ ಹತ್ರ ಹೋಗಿ, ಫೋಟೋದಲ್ಲಿ ಕೂತಿರೋ ಅದೇ ಜಾಗದಲ್ಲಿ ಕೂತು, ತುಂಬ ಹೊತ್ತು ನೋಡಿದ್ರು. ಆಮೇಲೆ ಬೆರಳಿಟ್ಟು "ಇಲ್ಲಿ ಒಂದು ಬಿಳಿ ಕೂದಲು ಕಾಣ್ತಿದೆಯಲ್ಲೋ" ಅಂದ್ರು. ಕಾಣ್ತಿತ್ತು, ಒಂದೇ ಒಂದು ಎಳೆ, ಬೈತಲೆಯಿಂದ ಕಿವಿವರೆಗೂ.